ಬೆಳಗದ ಆರು ಸೀಸೆಗಳು

ಹೋದ ತಿಂಗಳು ಮಾಲೂರಿನ ಬೇಕರಿಯೊಂದರಲ್ಲಿ ನೊಣ ಸೆಳೆಯುವ ನೇರಳೆ ದೀಪದ ಕೆಳಗೆ ಕುಳಿತಿದ್ದೆ. ನನ್ನ ಬಿಳಿ ಪಂಚೆ ನೀಲಿಯಾಗಿ ಹೊಳೆಯತೊಡಗಿತು. ಕೈಯಲ್ಲಿದ್ದ ಟೀ ಆರಿತು...

ಇಪ್ಪತ್ತು ವರ್ಷಗಳ ಹಿಂದೆ ನಾನು ಕೋಲಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಲ್ಲಿನ ಭೌತಶಾಸ್ತ್ರದ ಮೇಡಂ ಪಿಎಚ್‌ಡಿಗಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಅರೆವಾಹಕ ಕಣಗಳನ್ನು ತಯಾರಿಸಿ ಸೀಸೆಗಳಲ್ಲಿ ಇಡುತ್ತಿದ್ದರು. ನೇರಳೆ ದೀಪ ಹಿಡಿದರೆ ಸೀಸೆ ಹಳದಿಹಸಿರಾಗಿ ಬೆಳಗುತ್ತಿತ್ತು. ಅದೇ ಕಣಗಳಿಗೆ ಚಿನ್ನದ ಕಣ ಅಂಟಿಸಿದರೆ ಬೆಳಕು ಕುಂದುತ್ತಿತ್ತು.

“ಬೆಳಕು ಎಲ್ಲಿಗೋಯ್ತು ಹೇಳಿ ಅಣ್ಣಾ?” ಎಂದು ಒಮ್ಮೆ ಕೇಳಿದರು.

“ಚಿನ್ನ ನುಂಗ್ತು ಮೇಡಂ. ನಮ್ಮನೇಲೂ ನನ್ನ ಸಂಬಳ ಹಂಗೇ ಹೋಗೋದು.”

ಅವರು ಮನಸಾರೆ ನಕ್ಕರು. ನಾನು ಮಾತ್ರ, ಬೆಳಕು ಹೋದ ಸೀಸೆ ಕೆಟ್ಟ ಸೀಸೆ ಎಂದೇ ತಿಳಿದೆ.

ಆಯುಧಪೂಜೆ ಬಂತು. ಪ್ರಯೋಗಾಲಯ ತೊಳೆದು ಅಣಿಮಾಡುವುದು ನನ್ನ ಪಾಲು. ಆರಿದ ದೀಪ ಪೂಜೆಗೆ ಸಲ್ಲದಲ್ಲ... ಒಂದೊಂದು ಸೀಸೆಗೂ ನೇರಳೆ ದೀಪ ಹಿಡಿದೆ. ಬೆಳಗಿದವಕ್ಕೆ ಕುಂಕುಮ ಇಟ್ಟೆ. ಬೆಳಗದ ಆರನ್ನು ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿದೆ.

ಆ ಆರರಲ್ಲೇ ಅವರ ಸಂಶೋಧನೆಯೆಲ್ಲ ಇತ್ತು. ಕಣ ಹೀರಿದ ಬೆಳಕಿನ ಶಕ್ತಿ ಚಿನ್ನಕ್ಕೆ ಎಷ್ಟು ಬೇಗ ದಾಟುತ್ತದೆಂದು ಅಳೆಯಲು ಬೆಂಗಳೂರಿನ ಯಂತ್ರವೊಂದರಲ್ಲಿ, ತಿಂಗಳುಗಟ್ಟಲೆ ಕಾದ ಮೇಲೆ, ಅವರಿಗೆ ಒಂದು ದಿನ ಸಿಕ್ಕಿತ್ತು. ಹಬ್ಬ ಮುಗಿದ ಮರುದಿನವೇ.

“ಚೆಲ್ಲಿದ್ದು ಯಾರಯ್ಯ?” ಪ್ರಿನ್ಸಿಪಾಲರು ಗದರಿದರು.

“ಮೇಡಮ್ಮೇ ಚೆಲ್ಲು ಅಂದ್ರು ಸಾರ್.”

ಮೇಡಂ ನನ್ನನ್ನೇ ನೋಡಿದರು. ಆಮೇಲೆ, “ಅಂದಿರ್ಬೇಕು ಸಾರ್, ನೆನಪಿಲ್ಲ,” ಎಂದರು.

ಯಂತ್ರದ ದಿನ ತಪ್ಪಿತು. ಮತ್ತೆ ಎಷ್ಟು ಸಲ ಮಾಡಿದರೂ ಅದೇ ಅಳತೆಯ ಕಣಗಳು ಬರಲಿಲ್ಲ. ಪಿಎಚ್‌ಡಿಯ ಗಡುವು ಮುಗಿಯಿತು. ಅವರು ಕೆಲಸ ಬಿಟ್ಟು ಶ್ರೀನಿವಾಸಪುರದ ಅಕ್ಕನ ಮನೆ ಸೇರಿದರು. ಮರುವರ್ಷ ನನ್ನ ಕೆಲಸ ಕಾಯಂ ಆಯಿತು.

ಬೇಕರಿಯಿಂದ ಎದ್ದವನು ನೇರ ಶ್ರೀನಿವಾಸಪುರದ ದಾರಿ ಹಿಡಿದೆ. ಅಕ್ಕ ಬಾಗಿಲು ತೆರೆದು “ಎವುರು?” ಎಂದು ತೆಲುಗಿನಲ್ಲಿ ಯಾರೆಂದು ಕೇಳಿದರು. ನಾನು ಮೇಡಂ ಇದ್ದಾರೆಯೇ ಎಂದೆ.

“ಅವಳು ತೀರ್ಕೊಂಡು ಎರಡು ವರ್ಷ ಆಯ್ತಲ್ಲಪ್ಪ. ಏನ್ ವಿಷ್ಯ? ನಂಗೇಳಿ.”

“ಏನಿಲ್ಲಮ್ಮ, ಸುಮ್ನೆ ನೋಡ್ಕೊಂಡು ಹೋಗಾಣ ಅಂತ...” ಎಂದೆ.

ಅಲ್ಲಿಯೂ ಸುಳ್ಳು. ಕ್ಷಮೆ ಕೇಳಲು ಈಗ ಅವರಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಹಬ್ಬದ ಹಿಂದಿನ ದಿನ ಬೀಗದ ಕೈ ಕೊಡುತ್ತಾ ಮೇಡಂ ಹೇಳಿದ್ದು ಇಷ್ಟೇ: “ಬೆಂಚು ಒರೆಸಿ ಸಾಕು ಅಣ್ಣಾ, ಸೀಸೆ ಮುಟ್ಬೇಡಿ.”