ಪಾಕೀಟಿನ ಮೇಲಿನ ಹೆಸರು

ದಾವಣಗೆರೆಯಲ್ಲಿ ನಮ್ಮ ಓಣಿಯ ಹಿಂದಿದ್ದ ಮಂಡಕ್ಕಿ ಭಟ್ಟಿಯ ಯಜಮಾನರು ಬಿಸಿ ಮಂಡಕ್ಕಿಯನ್ನು ಮೊದಲು ಬಾಯಿಗೆ ಹಾಕುತ್ತಿರಲಿಲ್ಲ. ಒಂದು ಹಿಡಿಯನ್ನು ಕಿವಿಯ ಬಳಿ ಮೆಲ್ಲಗೆ ಹಿಸುಕಿ, ‘ಬಾಯಿ ಸುಳ್ಳು ಹೇಳ್ತೈತ್ರಿ, ಕಿವಿಗೆ ಕೇಳ್ರಿ’ ಎನ್ನುತ್ತಿದ್ದರು.

ಮೂಟೆಗಟ್ಟಲೆ ಮಾರುತ್ತಿದ್ದವರು ಒಮ್ಮೆ ಸಣ್ಣ ಪಾಕೀಟು ಮಾಡಿಸಿ, ಮೇಲೆ ತಮ್ಮ ಹೆಸರನ್ನು ಅಚ್ಚು ಹಾಕಿಸಿದರು. ‘ಇದು ನಮ್ಮ ಮಂಡಕ್ಕಿ ಅಂತ ಜನಕ್ಕೆ ಗೊತ್ತಾಗ್ಲಿ ಬಿಡ್ರಿ.’ ಅಕ್ಷರ ಕೆಂಪಗಿತ್ತು ಎನ್ನುತ್ತದೆ ನನ್ನ ನೆನಪು. ಅದು ತನಗೆ ಬೇಕಾದ ಬಣ್ಣ ಬಳಿಯುತ್ತದೆ, ನಂಬಬೇಕಿಲ್ಲ.

ಮೊದಲ ಗಾಡಿ ಹರಿಹರಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ಅಲ್ಲಿನ ಅಂಗಡಿಯವನು ಪಾಕೀಟು ತಿರುಗಿಸಿ ನೋಡಿ ನಕ್ಕ.

‘ಸಾವ್ಕಾರ್ರೆ, ಹೆಸರು ಬಂತು ಅಂದ್ರೆ ಜಿಎಸ್‌ಟಿನೂ ಬಂತು. ಬಿಡಿ ಮಂಡಕ್ಕಿಗೆ ಅದಿಲ್ಲ. ಜನ ಮಂಡಕ್ಕಿ ತಿಂತಾರೋ, ನಿಮ್ಮ ಹೆಸರು ತಿಂತಾರೋ?’

‘ತೆರಿಗೆ ನಾನೇ ಹೊತ್ಕಂತೀನಪ್ಪ.’

‘ಎಷ್ಟು ದಿನ ಹೊರ್ತೀರಿ? ಬಿಡಿ ಮಂಡಕ್ಕಿ ಕೊಡೋರು ಬ್ಯಾರೆ ಅದಾರೆ. ಅವರತ್ರನೇ ತಗಂತೀನಿ.’

ಯಜಮಾನರು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಒಂದೊಂದೇ ಪಾಕೀಟು ಹರಿದು, ಹೆಸರಿಲ್ಲದ ಚೀಲಕ್ಕೆ ಸುರಿಯತೊಡಗಿದರು. ನಾನು ಕೈ ಹಾಕಿದರೆ ‘ಬ್ಯಾಡ್ರಿ’ ಎಂದರು.

ಅಷ್ಟರಲ್ಲಿ ಕೊಳ್ಳಲು ಬಂದ ಹೆಂಗಸೊಬ್ಬಳು ಚೀಲದಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.

‘ಏನ್ ಗರಿಗರಿ ಐತಪ್ಪ! ಯಾರ ಭಟ್ಟೀದು?’

ಅಂಗಡಿಯವನು ಯಜಮಾನರ ಕಡೆ ನೋಡಿದ. ಅವರು ಕೈಯಲ್ಲಿದ್ದ ಖಾಲಿ ಪಾಕೀಟನ್ನು ಜೇಬಿಗೆ ತುರುಕಿಕೊಂಡರು.

‘ದಾವಣಗೆರೇದು, ಅವ್ವ’ ಎಂದರು.