ಸೇತುವೆಯ ಈಚೆಗಿನ ನಿಕಾಹ್

ನಮ್ಮೂರಿನ ಮಾಝೂನ್ ಶೇಖ್ ತುಹಾಮಿ ಕೊನೆಗಾಲದಲ್ಲಿ ಸಂಜೆಯಾದರೆ ಸಾಕು, ನೈಲಿನ ಕಾಲುವೆಯ ಕಡೆಗಿನ ಕಿಟಕಿ ಮುಚ್ಚಿಬಿಡುತ್ತಿದ್ದರು. ಮಾಝೂನ್ ಆಗಿ ನಿಕಾಹ್ ಮಾಡಿಸಲು ಸರ್ಕಾರ ಅವರಿಗೆ ಕೊಟ್ಟ ಪರವಾನಗಿ ಕಾಲುವೆಯ ಸೇತುವೆಯ ಈಚೆಗಷ್ಟೇ. ಆಚೆ ದಡದಲ್ಲಿ ಮದುವೆಯೂಟ ಉಣ್ಣುತ್ತಿದ್ದರು, ಮದುವೆ ಮಾತ್ರ ಮಾಡಿಸುತ್ತಿರಲಿಲ್ಲ. ಹಟಮಾರಿ ಮುದುಕ!

ಆಚೆಯ ಮಾಝೂನ್ ತೀರಿಕೊಂಡು, ಹೊಸಬರು ಇನ್ನೂ ಬಂದಿರದ ಕಾಲ. ಅಲ್ಲಿ ನನ್ನ ಅಜ್ಜ ಬಖೀತ್ ಹಾಸಿಗೆ ಹಿಡಿದಿದ್ದ. ತಾನು ಕಣ್ಣು ಮುಚ್ಚಿದರೆ ತಮ್ಮ ಗಿನಾವಿ ತನ್ನ ಪೋಲಿ ಮಗನಿಗೆ ಅಣ್ಣನ ಮಗಳು ವಹೀಬಾಳನ್ನು ಕಟ್ಟಿಬಿಡುತ್ತಾನೆಂಬ ಭಯ ಅವನಿಗೆ. ವಹೀಬಾ ನನ್ನ ಅಮ್ಮ. ಅವಳು ಒಪ್ಪಿದ್ದ ರಶ್ವಾನ್ ಬಂದು ತುಹಾಮಿಯವರ ಕಾಲು ಹಿಡಿದ.

"ಮೌಲಾನಾ, ಸೇತುವೆ ದಾಟಿ ಬನ್ನಿ. ಮಾವ ಏಳೋ ಹಂಗಿಲ್ಲ."

"ದಾಟಿದ್ರೆ ನಾನು ಮಾಝೂನ್ ಅಲ್ಲಪ್ಪ, ಬರೀ ಗಡ್ಡದವನು. ರೂಢಿಯಂತೆ ಹೆಣ್ಣು ಕೊಡೋಕೆ ಅವನನ್ನೇ ಗಾಡೀಲಿ ಕರ್ಕೊಂಬಾ."

ಮರುದಿನ ಬೆಳಿಗ್ಗೆಯೇ ಅಮ್ಮ ಈಚೆಗೆ ತುಹಾಮಿಯವರ ಮನೆಗೆ ಬಂದು ಸಿಂಗರಿಸಿಕೊಂಡಳು. ಅಜ್ಜನನ್ನು ಕರೆತರಲು ಕಳಿಸಿದ ಗಾಡಿ ವಾಪಸು ಬರಲೇ ಇಲ್ಲ. ಹೊತ್ತು ಮುಳುಗುವಾಗ ಅಜ್ಜ ಒಬ್ಬನೇ ನಡೆದು ಬಂದ. ಬಿಳಿ ಬಟ್ಟೆ, ಮೈಯೆಲ್ಲ ಒದ್ದೆ, ಕರ್ಪೂರದ ವಾಸನೆ. ಬಂದನಲ್ಲ ಎಂಬ ಸಂತೋಷದಲ್ಲಿ ಯಾರೂ ಏನೂ ಕೇಳಲಿಲ್ಲ. ಅವನು ರಶ್ವಾನನ ಕೈ ಹಿಡಿದು ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿದ. ತುಹಾಮಿ ಅದರ ಮೇಲೆ ಬಿಳಿ ಕರವಸ್ತ್ರ ಹೊದಿಸಿ, ತಮ್ಮ ಕೈಯಿಟ್ಟು ನಿಕಾಹ್ ಓದಿದರು. ಶರಬತ್ತು ಬರುವಷ್ಟರಲ್ಲಿ ಅಜ್ಜ ಇರಲಿಲ್ಲ.

ಬಂದವನು ಗಿನಾವಿ.

"ಯಾವ ನಿಕಾಹ್? ಅಣ್ಣ ಮಧ್ಯಾಹ್ನವೇ ಹೋದ. ನಾನೇ ಮೈ ತೊಳೆಸಿ, ಕರ್ಪೂರ ಹಚ್ಚಿ, ಬಿಳಿ ಕಫನ್ ಬಟ್ಟೆ ಸುತ್ತಿ ಬಂದಿದೀನಿ. ಸತ್ತೋನು ಹೆಣ್ಣು ಕೊಡ್ತಾನಾ? ಈಗ ಹಿರಿಯ ನಾನು. ಏಳೇ, ನಡಿ!"

ತುಹಾಮಿಯವರ ಮುಖ ಬಿಳಿಚಿತು. ಆದರೂ ಬಾಯಲ್ಲಿ ಬಂದದ್ದು ಕಾನೂನೇ.

"ಆ ನಿಕಾಹ್ ಬಿದ್ದೋಯ್ತು, ಒಪ್ಪಿದೆ. ಮಗಳೇ, ನಿಂಗೆ ಇಪ್ಪತ್ತೆರಡು. ಬೆಳೆದ ಹೆಣ್ಣು ತನ್ನ ಕೈ ತಾನೇ ಕೊಡಬಹುದು. ಇದು ಸೇತುವೆ ಈಚೆ, ಇಲ್ಲಿ ನಾನೇ ಮಾಝೂನ್. ಕೈ ಚಾಚು."

ಅಮ್ಮ ಅಳುತ್ತಲೇ ರಶ್ವಾನನತ್ತ ಚಾಚಿದಳು.

ಈ ಸಲ ತುಹಾಮಿ ಇಬ್ಬರ ಕೈಗಳಿಗೆ ಕರವಸ್ತ್ರ ಹೊದಿಸಿದರೂ ಅದರ ಮೇಲೆ ಕೈ ಇಡಲಿಲ್ಲ. ತಮ್ಮ ಕೈಗಳನ್ನು ಮಡಿಲಲ್ಲಿ ಅವಚಿಕೊಂಡೇ ಓದಿದರು. ಆದರೂ ಬಟ್ಟೆಯನ್ನು ಮೇಲಿಂದ ಯಾರೋ ಒತ್ತಿದರು. ಎಲ್ಲರೂ ನೋಡುತ್ತಿದ್ದಂತೆ ಅದು ಒದ್ದೆಯಾಯಿತು. ಗಿನಾವಿ ಹಿಂದೆ ಹಿಂದೆ ಸರಿದು ಬಾಗಿಲು ತಡಕಿದ.

ಅಮ್ಮ ಮಾತ್ರ ಹೆದರದೆ ಒದ್ದೆ ಬಟ್ಟೆಯತ್ತ ಬಾಗಿದಳು.

"ಆಯ್ತು, ಅಪ್ಪಾ. ಇನ್ನು ಹೋಗು," ಅಂದಳು.

ಒತ್ತಿದ್ದ ಕೈ ಆಗ ಹಗುರಾಯಿತಂತೆ.