ಬಿಚ್ಚಿ ನೋಡದ ಕ್ಯಾಮೆರಾ

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ‘ಅನುಮಾನ’. ಟಿವಿ, ರೇಡಿಯೊ, ಮಿಕ್ಸಿ ರಿಪೇರಿ ಮಾಡುವ ಅವನ ಅಂಗಡಿಯ ಬೋರ್ಡಿನಲ್ಲಿ ಬೇರೆ ಏನೋ ಬರೆದಿದೆ, ಆದರೆ ಎಲ್ಲರ ಬಾಯಲ್ಲೂ ಅದು ಅನುಮಾನದಂಗಡಿಯೇ. ಔಷಧಿ ಡಬ್ಬಿಯ ಮೇಲಿನ ತಾರೀಖು ಓದಿದ್ದು ಸಾಲದೆಂದು ಒಳಗಿನ ಮಾತ್ರೆಯ ಹಾಳೆಯ ಮೇಲಿನ ತಾರೀಖನ್ನೂ ಓದುವವನು ಅವನು. ಅಡುಗೆಗೆ ಉಪ್ಪು ಹಾಕಿದ್ದೀಯಾ ಎಂದು ಅತ್ತಿಗೆಯನ್ನು ಕೇಳುತ್ತಾನೆ, ಹಾಕಿದ್ದೇನೆ ಎಂದರೆ ನಂಬುವುದಿಲ್ಲ, ರುಚಿ ನೋಡಿದ ಮೇಲೂ ಪೂರ್ತಿ ನಂಬುವುದಿಲ್ಲ. ಇಂಥವನ ಜೊತೆ ಬಾಳ್ವೆ ಮಾಡಿದ್ದಕ್ಕೆ ಅತ್ತಿಗೆಗೆ ಹಾರ ಹಾಕಬೇಕು ಎಂದು ನಾನು ಅವನ ಎದುರಿಗೇ ಹೇಳುತ್ತಿದ್ದೆ. ತಂಗಿಯಾಗಿ ಹುಟ್ಟಿದ್ದಕ್ಕೆ ನನಗೂ ಅಷ್ಟು ಸಲಿಗೆ ಇತ್ತು.

ಈ ರೋಗ ಊರಿಗೆ ಉಪಯೋಗಕ್ಕೆ ಬಂದ ಕಾಲವೂ ಒಂದಿತ್ತು. ಜನ ಫೋನು, ಲ್ಯಾಪ್‌ಟಾಪು, ದೊಡ್ಡ ದೊಡ್ಡ ಟಿವಿಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೂಗಿ ಕೊಳ್ಳಲು ಶುರುಮಾಡಿದ ಮೇಲೆ, ಕೊಳ್ಳುವ ಮೊದಲು ಅಣ್ಣನ ಕೌಂಟರಿನ ಮುಂದೆ ಫೋನು ಹಿಡಿದು ನಿಲ್ಲುತ್ತಿದ್ದರು. ಅವನು ಕನ್ನಡಕ ಒರೆಸಿ ಹಾಕಿಕೊಂಡು, ಬೆಲೆಯ ಕಡೆ ತಿರುಗಿಯೂ ನೋಡದೆ, ಮೊದಲು ಫೋಟೊ ನೋಡುತ್ತಿದ್ದ. ಕಂಪನಿಯ ಜಾಹೀರಾತಿನ ಫೋಟೊ ಹಾಕಿದ್ದರೆ ಅಲ್ಲಿಗೇ ಮುಗಿಯಿತು. ಸ್ವಂತ ಫೋಟೊ ಆದರೆ, ನಂಬರು ಇರುವ ಅಡಿಭಾಗವನ್ನು ಯಾಕೆ ತೋರಿಸಿಲ್ಲ ಎಂದು ಕೇಳುತ್ತಿದ್ದ. ಒಂದು ಕಾಗದದ ಮೇಲೆ ‘ಕುಂಬಳಕಾಯಿ’ ಎಂದು ಬರೆದು, ಅದನ್ನು ವಸ್ತುವಿನ ಪಕ್ಕ ಇಟ್ಟು, ಹೊಸ ಫೋಟೊ ತೆಗೆದು ಕಳಿಸುವಂತೆ ಮಾರುವವನಿಗೆ ಹೇಳಿಸುತ್ತಿದ್ದ. ವಸ್ತು ಕೈಯಲ್ಲಿರುವವನು ನಕ್ಕು ಕಳಿಸುತ್ತಾನೆ, ಇಲ್ಲದವನು ಸಿಟ್ಟಾಗುತ್ತಾನೆ, ಅಷ್ಟೇ ಅವನ ಪರೀಕ್ಷೆ. ಹೊಗಳಿಕೆಗಳೆಲ್ಲ ಒಂದೇ ವಾರದಲ್ಲಿ ಬಂದಿದ್ದರೆ ಅವನ್ನು ಮಾರುವವನ ಭಾವಮೈದುನರು ಬರೆದಿದ್ದಾರೆ ಎನ್ನುತ್ತಿದ್ದ. ‘ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಕಂಡರಂತೂ ಮುಂದೆ ಓದುವ ಗೋಜಿಗೇ ಹೋಗದೆ ಫೋನನ್ನು ತಿರುಗಿಸಿ ಕೊಟ್ಟುಬಿಡುತ್ತಿದ್ದ. ಅವನ ಮಾತು ಮೀರಿ ಕೊಂಡು, ಪೆಟ್ಟಿಗೆ ಒಡೆದು ಇಟ್ಟಿಗೆ ನೋಡಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಹೀಗಾಗಿ ಅನುಮಾನನ ಮಾತೆಂದರೆ ತೀರ್ಪು ಎಂದಾಗಿತ್ತು.

ಇಂಥವನೂ ಕಣ್ಣುಮುಚ್ಚಿ ನಂಬುವ ಒಬ್ಬನಿದ್ದ. ಅವನನ್ನು ಎಲ್ಲರೂ ‘ಬಲಗೈ’ ಎನ್ನುತ್ತಿದ್ದರು, ಯಾಕೆಂದರೆ ಎಷ್ಟೋ ವರ್ಷ ಅಣ್ಣನ ಅಂಗಡಿಯಲ್ಲಿ ಅವನ ಬಲಗೈಯಾಗಿ ದುಡಿದವನು. ಅಣ್ಣನ ಕಣ್ಣಿಗೆ ಪೊರೆ ಬಂದಾಗ ಸಣ್ಣ ಸಣ್ಣ ಬೆಸುಗೆಯ ಕೆಲಸವನ್ನೆಲ್ಲ ಅವನೇ ಮಾಡಿ, ಅಂಗಡಿ ಮುಚ್ಚದಂತೆ ನೋಡಿಕೊಂಡ. ಆಮೇಲೆ ಎರಡು ಬೀದಿ ಆಚೆ ಸ್ವಂತ ಅಂಗಡಿ ಹಾಕಿಕೊಂಡು ಕ್ಯಾಮೆರಾ ರಿಪೇರಿಗೆ ಇಳಿದ. ಅದು ಅಷ್ಟಕ್ಕಷ್ಟೇ ನಡೆಯುತ್ತಿತ್ತು. ಮೆಲುಮಾತಿನ ಮನುಷ್ಯ, ನಮ್ಮ ಮನೆಗೂ ಬಂದುಹೋಗುತ್ತಿದ್ದ, ನನ್ನನ್ನು ಬಾಯಿತುಂಬ ತಂಗಿ ಎನ್ನುತ್ತಿದ್ದ.

ನನ್ನ ಮಗಳು ಮೂಲೆಯ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದಳು. ‘ಗದ್ದ ಸ್ವಲ್ಪ ಇಳಿಸಿ, ನಗಬೇಡಿ’ ಎಂದು ದಿನವಿಡೀ ಹೇಳಿ ಹೇಳಿ, ಮನೆಯಲ್ಲಿ ನಾನು ಬೈಯಲು ಬಾಯಿ ತೆರೆದರೂ ಅದನ್ನೇ ಹೇಳಿ ನಗಿಸುತ್ತಿದ್ದಳು. ಒಂದು ದಿನ ಸ್ಟುಡಿಯೊದ ಯಜಮಾನರು, ನಿನ್ನದೇ ಕ್ಯಾಮೆರಾ ಇದ್ದರೆ ಹೊರಗಿನ ಕೆಲಸ ಕೊಡುತ್ತೇನೆ, ಮೊದಲು ಶಾಲೆಯೊಂದರ ಗ್ರೂಪ್ ಫೋಟೊ ಮಾಡು, ಅದು ಚೆನ್ನಾಗಿ ಬಂದರೆ ಮುಂದಿನದೆಲ್ಲ ನಿನಗೇ ಎಂದರು. ಅವಳು ಮನೆಗೆ ಓಡಿಕೊಂಡೇ ಬಂದಳು. ನಾನು ಪರದೆ, ಯೂನಿಫಾರಂ ಹೊಲಿದು ಕೂಡಿಟ್ಟದ್ದು ಹೊಸ ಕ್ಯಾಮೆರಾದ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಹಾಗಾಗಿ ಹರಾಜು, ಹರಾಜು ಎಂದ ಮೇಲೆ ಅಣ್ಣ.

ತೋರಿಸಿದ ಒಂದೊಂದಕ್ಕೂ ಅವನು ಕೊಂಕು ತೆಗೆದ. ಇದರ ಫೋಟೊ ಕದ್ದದ್ದು, ಇದರ ಬೆಲೆ ತೀರಾ ಅಗ್ಗ, ಇವನು ನಿನ್ನೆ ಹುಟ್ಟಿದ ಮಾರಾಟಗಾರ. ಮಗಳ ಮುಖ ದಿನೇದಿನೇ ಸಣ್ಣದಾಗುತ್ತಿತ್ತು. ಕೊನೆಗೆ ತೋರಿಸಿದ ಒಂದರ ಫೋಟೊವನ್ನು ಮಾತ್ರ ದೊಡ್ಡದು ಮಾಡಿ ಮಾಡಿ ನೋಡಿದ. ನೋಡಿ ಫೋನನ್ನು ನನ್ನ ಕೈಗಿಟ್ಟು, ಇದನ್ನು ತಗೋ ಎಂದ. ಕುಂಬಳಕಾಯಿ ಕೇಳುವುದಿಲ್ಲವಾ ಎಂದರೆ ಬೇಡ ಎಂದ. ಕೆಳಗೆ ‘ವಾಪಸಿಲ್ಲ’ ಎಂದು ಬರೆದಿದೆಯಲ್ಲ ಮಾವ ಎಂದು ಮಗಳು ತೋರಿಸಿದಳು. ಎಲ್ಲರೂ ಹಾಗೇ ಬರೆಯುತ್ತಾರೆ ಎಂದು ಗೊಣಗಿ, ಬಿಚ್ಚಿಟ್ಟಿದ್ದ ರೇಡಿಯೊ ಕಡೆ ತಿರುಗಿದ. ನನಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಅನುಮಾನನಿಗೇ ಅನುಮಾನ ಬರಲಿಲ್ಲ ಎಂದ ಮೇಲೆ ಇನ್ನೇನು ಎಂದು ನನ್ನ ಹೆಸರಿನಲ್ಲಿ ಕೂಗಿದೆ, ಗೆದ್ದೆ.

ಕ್ಯಾಮೆರಾ ನೋಡುವುದಕ್ಕೆ ಫಳಫಳ ಹೊಳೆಯುತ್ತಿತ್ತು. ಶಾಲೆಯಲ್ಲಿ ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ನಾಲ್ಕಾರು ಫೋಟೊ ತೆಗೆಯುವಷ್ಟರಲ್ಲಿ ಅದು ಬಿಸಿಯಾಯಿತಂತೆ, ಪರದೆಯ ಮೇಲೆ ಗೆರೆಗಳು ಬಂದವಂತೆ, ಆಮೇಲೆ ಕಪ್ಪಾಗಿ ಹೋಯಿತಂತೆ. ಮೇಷ್ಟ್ರುಗಳು ಗಡಿಯಾರ ನೋಡಿಕೊಂಡು ಮಕ್ಕಳನ್ನು ತರಗತಿಗೆ ಕಳಿಸಿದರು. ಮಗಳು ಮೆಟ್ಟಿಲ ಮುಂದೆ ಒಬ್ಬಳೇ ನಿಂತಿದ್ದಳಂತೆ.

ಇಬ್ಬರೂ ನೇರ ಅನುಮಾನದಂಗಡಿಗೆ ಹೋದೆವು. ಕೌಂಟರಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅಣ್ಣ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಿ ನೋಡಿದ, ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

“ಬೀಳಿಸಿರ್ತಾಳೆ,” ಎಂದ.

“ನಾನು ಬೀಳಿಸಿಲ್ಲ ಮಾವ.”

ಕತ್ತಿಗೆ ನೇತುಹಾಕಿಕೊಂಡು ಓಡಾಡುವ ಹುಡುಗಿಯರು ಎಲ್ಲಿ ತಾಗಿಸುತ್ತಾರೋ ಅವರಿಗೇ ಗೊತ್ತಿರುವುದಿಲ್ಲ ಎಂದು ಅವಳನ್ನಲ್ಲ, ಗಿರಾಕಿಗಳನ್ನು ನೋಡಿಕೊಂಡು ಹೇಳಿದ. ನನ್ನ ಮಗಳು ಸುಳ್ಳು ಹೇಳುವವಳಲ್ಲ ಎಂದು ನಾನು ಅಲ್ಲೇ ಜಗಳಕ್ಕೆ ನಿಂತೆ. ಆದರೆ ಆ ತೀರ್ಪು ನಮಗಿಂತ ಮೊದಲು ಬೀದಿ ಮುಟ್ಟಿತು. ಸ್ಟುಡಿಯೊದ ಯಜಮಾನರು ಒಳ್ಳೆಯ ಮಾತಿನಲ್ಲೇ, ನೀನು ಒಳಗಿನ ಕೆಲಸವೇ ನೋಡಿಕೊಳ್ಳಮ್ಮಾ, ಕೈ ಇನ್ನೂ ಪಳಗಬೇಕು ಎಂದರು. ಅವಳು ಊಟ ಬಿಟ್ಟಳು, ಗದ್ದ ಇಳಿಸಿ ಎನ್ನುವ ತಮಾಷೆಯನ್ನೂ ಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಇನ್ನೊಬ್ಬ ರಿಪೇರಿಯವನಿಗೆ ಕ್ಯಾಮೆರಾ ಕೊಟ್ಟೆ. ಅವನು ನನ್ನ ಎದುರಿಗೇ ಬಿಚ್ಚಿದ. ಒಳಗೆಲ್ಲ ಹಸಿರು ಕಿಲುಬು. ಇದು ಯಾವತ್ತೋ ನೀರಲ್ಲಿ ಮುಳುಗಿದ್ದು, ಕಿಲುಬು ಹೀಗೆ ಹಬ್ಬಬೇಕಾದರೆ ತಿಂಗಳುಗಳೇ ಬೇಕು, ಒಣಗಿಸಿ ಮೇಲೆ ಒರೆಸಿ ಮಾರಿದ್ದಾರೆ, ಬೀಳಿಸಿದ ಗುರುತು ಎಲ್ಲೂ ಇಲ್ಲ ಎಂದ.

ನನಗೆ ಪಿತ್ತ ನೆತ್ತಿಗೇರಿತು. ಬಿಚ್ಚಿದ್ದನ್ನು ಹಾಗೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಅಣ್ಣನ ಮುಂದೆ ಇಟ್ಟೆ.

“ಊರಿನ ಕಸವನ್ನೆಲ್ಲ ಬಿಚ್ಚಿ ನೋಡ್ತೀಯಲ್ಲ, ಇದನ್ನ ಯಾಕೆ ಬಿಚ್ಚಲಿಲ್ಲ?”

ಅಣ್ಣ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಮೇಲೆ, “ಬಿಚ್ಚಿದ್ರೆ ಗೊತ್ತಾಗಿಬಿಡುತ್ತಲ್ಲ,” ಎಂದ.

ಹರಾಜಿನ ಫೋಟೊದಲ್ಲಿ ಕ್ಯಾಮೆರಾದ ಕೆಳಗೆ ಒಂದು ಹಸಿರು ರಬ್ಬರ್ ಹಾಸು ಇತ್ತಂತೆ, ಅದರ ಅಂಚಿನಲ್ಲಿ ಬೆಸುಗೆ ಕಡ್ಡಿ ಸುಟ್ಟ ಕಲೆ. ಅದು ಈ ಅಂಗಡಿಯದೇ ಹಾಸು, ಬೇರೆಯಾಗುವಾಗ ಇಬ್ಬರೂ ಅರ್ಧರ್ಧ ಕತ್ತರಿಸಿಕೊಂಡದ್ದು. ಮಾರುವವನು ಬೇರೆ ಹೆಸರಿಟ್ಟುಕೊಂಡಿದ್ದರೂ ಅದು ಬಲಗೈ ಎಂದು ಅಣ್ಣನಿಗೆ ನೋಡಿದ ತಕ್ಷಣ ಗೊತ್ತಾಗಿತ್ತು. ಪಾಪ, ಕಷ್ಟದಲ್ಲಿದ್ದಾನೆ, ಹೇಳಿಕೊಳ್ಳಲು ನಾಚಿಕೆ, ನಮ್ಮಿಂದಲೇ ಅವನಿಗೆ ನಾಲ್ಕು ಕಾಸು ಸಿಗಲಿ, ಅವನ ವಸ್ತು ಕೆಟ್ಟದ್ದಿರುವುದಿಲ್ಲ ಎಂದುಕೊಂಡನಂತೆ. ನಾನು ಹೊಲಿದು ಹೊಲಿದು ಬೆನ್ನು ಬಗ್ಗಿಸಿ ಕೂಡಿಟ್ಟದ್ದರಲ್ಲಿ ಇವನು ಸ್ನೇಹ ಸಾಕಿದ್ದ. ಸಾಕಲಿ, ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆ ಸ್ನೇಹ ಉಳಿಸುವುದಕ್ಕೆ ನನ್ನ ಮಗಳ ಮೇಲೆ ಗೂಬೆ ಕೂರಿಸಿದನಲ್ಲ, ಅದನ್ನು ಹೇಗೆ ನುಂಗಲಿ. ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಅಷ್ಟಾದರೂ ಅವನು ಬಲಗೈಯನ್ನು ಬಿಟ್ಟುಕೊಡಲಿಲ್ಲ. ಪೆಟ್ಟಿಗೆಯ ಮೇಲೆ ನನ್ನ ಹೆಸರು ನೋಡಿಯೂ ಕಳಿಸಿದನಲ್ಲ ಎಂದರೆ, ನಿನ್ನ ಹೆಸರಿನವರು ಊರಲ್ಲಿ ನೂರು ಜನ ಇದ್ದಾರೆ, ವಿಳಾಸದ ಚೀಟಿ ಯಂತ್ರದಲ್ಲಿ ಮುದ್ರಣವಾಗಿ ಬರುತ್ತದೆ, ಅವನು ಓದದೆ ಅಂಟಿಸಿರುತ್ತಾನೆ ಎಂದ. “ನಮಗೆ ಅಂತ ಗೊತ್ತಿದ್ರೆ ಅವನು ಕಳಿಸ್ತಿರ್ಲಿಲ್ಲ ಕಣೇ,” ಎಂದಾಗ ಅವನ ದನಿ ನನ್ನನ್ನು ಬೇಡಿಕೊಳ್ಳುವಂತಿತ್ತು. ನಿಜ ಹೇಳುತ್ತೇನೆ, ನನಗೂ ಅದನ್ನು ನಂಬಬೇಕು ಅನ್ನಿಸಿತು.

ಅದಾದ ಕೆಲವು ದಿನಕ್ಕೆ ನನ್ನ ದಾರದ ಉಂಡೆಗಳ ಪೆಟ್ಟಿಗೆ ಬಂತು. ಕೊರಿಯರಿನವನು ಸೀದಾ ಹಿಂದಿನ ಬಾಗಿಲಿಗೆ ಬಂದು ಕೂಗಿದ. ಹೊಸಬರೆಲ್ಲ ಮುಂದಿನ ಬಾಗಿಲಲ್ಲಿ ಕೆಟ್ಟುಹೋದ ಬೆಲ್ ಒತ್ತಿ ಒತ್ತಿ ವಾಪಸು ಹೋಗುತ್ತಾರೆ, ನಿನಗೆ ಹೇಗಪ್ಪ ಗೊತ್ತಾಯಿತು ಎಂದು ಸುಮ್ಮನೆ ಕೇಳಿದೆ.

“ಹಿಂದೆ ಆ ಕ್ಯಾಮೆರಾ ಪೆಟ್ಟಿಗೆ ತಂದೆನಲ್ಲಮ್ಮ, ಅದನ್ನ ಕೊಟ್ಟ ಅಂಗಡಿಯವರೇ ಹೇಳಿದ್ರು. ಮುಂದಿನ ಬೆಲ್ ಕೆಟ್ಟಿದೆ, ಹಿಂದ್ಗಡೆ ಹೋಗು, ಹೊಲಿಗೆ ಮಿಷನ್ ಸದ್ದು ಕೇಳುತ್ತೆ, ಜೋಪಾನವಾಗಿ ಅವರ ಕೈಗೇ ಕೊಡು ಅಂದ್ರು.”

ಆ ಬೆಲ್ ಕೆಟ್ಟದ್ದು ಕ್ಯಾಮೆರಾ ಬರುವ ಸ್ವಲ್ಪ ಮೊದಲಷ್ಟೇ. ಸರಿಮಾಡಲು ಅಣ್ಣನ ಜೊತೆ ಬಂದವನು ಬಲಗೈ. ಗೋಡೆಯೊಳಗಿನ ತಂತಿ ಹೋಗಿದೆ ತಂಗಿ ಎಂದು ಹೇಳಿ, ನನ್ನ ಕೈಯಲ್ಲಿ ಊಟ ಬಡಿಸಿಕೊಂಡು, ನನ್ನ ಮಗಳ ತಟ್ಟೆಯ ಪಕ್ಕದಲ್ಲೇ ಕೂತು ಉಂಡು ಹೋಗಿದ್ದ. ತಂಗಿ ಎನ್ನುವ ಬಾಯಿಂದಲೇ ದಾರಿ ಹೇಳಿ, ಮುಳುಗಿದ ಕ್ಯಾಮೆರಾವನ್ನು ನನ್ನ ಕೈಗೇ ಮುಟ್ಟಿಸಿದ್ದ.

ಅಣ್ಣನಿಗೆ ಹೋಗಿ ಹೇಳಿದೆ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವವನು ಅವತ್ತು ಒಂದನ್ನೇ ಹಾಕಿದ. ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟ.

“ಗೊತ್ತಿದ್ದೂ ಕಳಿಸಿದ್ನಾ?”

“ಜೋಪಾನವಾಗಿ ಕಳಿಸ್ದ,” ಎಂದೆ.

ಅವನ ಕಣ್ಣಲ್ಲಿ ನೀರು ಬಂತು. ಅಯ್ಯೋ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಅವನಿಗೆ ಕೈಕೊಟ್ಟವನು ಬಲಗೈ. ನಮಗೆ ಕೈಕೊಟ್ಟವನು ಇವನು, ನನ್ನ ಒಡಹುಟ್ಟಿದವನು. ಅಷ್ಟನ್ನೂ ಅವನ ಮುಖಕ್ಕೆ ಹೇಳಿಯೇ ಎದ್ದು ಬಂದೆ.

ಈಗ ಹೋಗಿ ಬಲಗೈಯ ಕಾಲರ್ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದ. ಮಗಳು ಕೆಲಸಕ್ಕೆ ಹೊರಡುವ ಅವಸರದಲ್ಲಿ ನಿಂತೇ ತಲೆ ಬಾಚಿಕೊಳ್ಳುತ್ತಿದ್ದಳು. ಒಳಗೆ ಬಾ ಎಂದು ನಾನು ಕರೆಯಲಿಲ್ಲ, ಅವನೂ ಹೊಸ್ತಿಲು ದಾಟಲಿಲ್ಲ. ಸ್ಟುಡಿಯೊದವರಿಗೆ ತಾನೇ ಹೇಳುತ್ತೇನೆ, ಅಂಗಡಿಯಲ್ಲಿ ನಿಂತು ನಾಲ್ಕು ಜನರಿಗೂ ಹೇಳುತ್ತೇನೆ ಎಂದ. ಅವಳು ಬಾಚುತ್ತಲೇ ಇದ್ದಳು. ಕೊನೆಗೆ ದನಿ ತಗ್ಗಿಸಿ, “ನೀನು ಬೀಳಿಸಿರ್ಲಿಲ್ಲ ಪುಟ್ಟಿ,” ಎಂದ.

ಅವಳು ಬಾಚಣಿಗೆ ಕೆಳಗಿಟ್ಟು ಅವನನ್ನು ನೋಡಿದಳು.

“ನಾನು ಅವತ್ತೇ ಹೇಳಿದ್ನಲ್ಲ ಮಾವ.”